ಹಳೆಯ ಎಂಜಿನ್‌ಗೆ ಮೆಷಿನ್ ಶಾಪ್ ಆರಿಸುವುದು: ಅಳತೆ ಮೊದಲು, ಬೋರಿಂಗ್ ಆಮೇಲೆ

ಕೊಡಗಿನ ಕಾಫಿ ತೋಟಗಳ ಷೆಡ್ಡುಗಳಲ್ಲಿ ಇಂದಿಗೂ ಓಡುವ ಸ್ಥಿತಿಯಲ್ಲಿರುವ ಹಳೆಯ ವಾಹನಗಳ ಪೈಕಿ ಪೆಟ್ರೋಲ್ ಜೀಪಿಗೇ ಮೊದಲ ಸ್ಥಾನ. ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತು. ಆ ನಂತರದ ದಶಕಗಳಲ್ಲಿ ಬೆಟ್ಟದ ಕೆಸರು ದಾರಿಗೆ ಅದಕ್ಕಿಂತ ತಕ್ಕ ವಾಹನ ದೊರೆಯುತ್ತಿರಲಿಲ್ಲವಾದ್ದರಿಂದ ಗೊಬ್ಬರದ ಮೂಟೆಯಿಂದ ಮದುವೆಯ ದಿಬ್ಬಣದವರೆಗೆ ಎಲ್ಲವನ್ನೂ ಅದೇ ಹೊತ್ತಿತು. ಅದರ ಜೊತೆಗೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಉಳಿದುಕೊಂಡಿವೆ. ಈ ವಾಹನಗಳ ಎಂಜಿನ್‌ಗಳಲ್ಲಿ ಅನೇಕವು ಈಗ ಎರಡನೆಯ ಅಥವಾ ಮೂರನೆಯ ಸಲ ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಎಂಬ ಕೊಳವೆ ಸವೆದಾಗ ಅದನ್ನು ಕೊರೆದು ತುಸು ಅಗಲಿಸುವ ಕೆಲಸಕ್ಕೆ, ಬರುತ್ತಿವೆ. ಹೊಗೆ ಹೊಡೆಯುತ್ತದೆ, ಆಯಿಲ್ ಕುಡಿಯುತ್ತದೆ, ಬ್ಯಾಕ್ ಕಂಪ್ರೆಷನ್ (ದಹನದ ಅನಿಲ ಪಿಸ್ಟನ್ ದಾಟಿ ಕೆಳಕ್ಕೆ ಸೋರುವುದು) ಬರುತ್ತಿದೆ ಎಂದು ಮೆಕ್ಯಾನಿಕ್ ಹೇಳಿದ ಮರುಕ್ಷಣವೇ ಮಾಲೀಕರು ಕೇಳುವ ಪ್ರಶ್ನೆ, ಕೆಲಸವನ್ನು ಯಾರಿಗೆ ಕೊಡುವುದು ಎಂಬುದು. ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಅಂಗಡಿಯ ಹೆಸರು ಮಾತ್ರ. ಆ ಹೆಸರು ಸರಿಯೋ ತಪ್ಪೋ ಎಂದು ಮಾಲೀಕರೇ ಪರೀಕ್ಷಿಸಿ ನಿರ್ಧರಿಸಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಎಂಜಿನ್ ರೀಕಂಡೀಷನಿಂಗ್, ಅಂದರೆ ಸವೆದ ಎಂಜಿನ್ನನ್ನು ಮತ್ತೆ ಹೊಸದರಂತೆ ಮಾಡುವುದು, ಹೊರಗಿನಿಂದ ಒಂದೇ ಕೆಲಸದಂತೆ ಕಂಡರೂ ಅದನ್ನು ಇಬ್ಬರು ಬೇರೆ ಬೇರೆ ಜನ ಮಾಡುತ್ತಾರೆ ಎಂಬುದನ್ನು ಮೊದಲು ಗಮನದಲ್ಲಿ ಇಟ್ಟುಕೊಳ್ಳಬೇಕು. ಎಂಜಿನ್ ಇಳಿಸಿ, ಬಿಚ್ಚಿ, ಕೊನೆಗೆ ಮರುಜೋಡಿಸಿ ಚಾಲೂ ಮಾಡುವವರು ಗೋಣಿಕೊಪ್ಪ, ಕುಶಾಲನಗರ, ವಿರಾಜಪೇಟೆ, ಮಡಿಕೇರಿಗಳ ಗ್ಯಾರೇಜಿನ ಮೆಕ್ಯಾನಿಕ್. ಸಿಲಿಂಡರ್ ಕೊರೆಯುವುದು, ಕ್ರ್ಯಾಂಕ್ (ಪಿಸ್ಟನ್ನುಗಳ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ದಂಡ) ಗ್ರೈಂಡ್ ಮಾಡುವುದು, ಹೆಡ್ ಫೇಸಿಂಗ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಮುಖವನ್ನು ಸಮತಟ್ಟು ಮಾಡುವುದು), ವಾಲ್ವ್ ಸೀಟ್ (ವಾಲ್ವ್ ಬಂದು ಕೂರುವ ಉಂಗುರದಂಥ ಅಂಚು) ಕೂರಿಸುವುದು ಇವೆಲ್ಲ ಮೆಷಿನ್ ಶಾಪಿನ ಕೆಲಸ. ಜಿಲ್ಲೆಯ ಪೇಟೆಗಳಲ್ಲಿರುವ ಲೇತ್ ವರ್ಕ್‌ಶಾಪುಗಳು ಸಣ್ಣಪುಟ್ಟ ಕೆಲಸಕ್ಕೆ ಒದಗುತ್ತವೆ. ಕ್ರ್ಯಾಂಕ್ ಗ್ರೈಂಡಿಂಗ್, ಕ್ರ್ಯಾಂಕ್ ಕೂರುವ ರಂಧ್ರಗಳನ್ನು ಒಂದೇ ಸಾಲಿಗೆ ಕೊರೆಯುವ ಲೈನ್ ಬೋರಿಂಗ್‌ನಂಥ ಕೆಲಸ ಬಂದಾಗ ಹೆಚ್ಚಿನ ಮಾಲೀಕರು ಮೈಸೂರು ಅಥವಾ ಮಂಗಳೂರಿನ ಕಡೆಗೇ ನೋಡುತ್ತಾರೆ. ಹೀಗಾಗಿ ಬ್ಲಾಕು (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಎರಕ) ನೂರು ಕಿಲೋಮೀಟರಿನಷ್ಟು ದೂರ ಹೋಗಿ ಬರುತ್ತದೆ, ಮಾತುಕತೆ ಫೋನಿನಲ್ಲಿ ನಡೆಯುತ್ತದೆ, ಮಾಲೀಕರಿಗೂ ಮೆಷಿನ್ ನಡೆಸುವವರಿಗೂ ಮುಖಪರಿಚಯವೇ ಇರುವುದಿಲ್ಲ. ಹೊಸದಾಗಿ ಕಟ್ಟಿದ ಎಂಜಿನ್ ಕೆಲವೇ ದಿನಗಳಲ್ಲಿ ಜಾಮ್ ಆದರೆ ಮೆಕ್ಯಾನಿಕ್ ಬೋರಿಂಗ್ ಸರಿಯಿಲ್ಲ ಎನ್ನುತ್ತಾರೆ, ಶಾಪಿನವರು ಫಿಟ್ಟಿಂಗ್ ಸರಿಯಿಲ್ಲ ಎನ್ನುತ್ತಾರೆ. ಇಬ್ಬರ ನಡುವಿನ ಈ ಜಾಗದಲ್ಲಿ ಅಳತೆಯ ಒಂದು ಕಾಗದ ಇದ್ದಿದ್ದರೆ ಜಗಳ ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ನನ್ನ ಅಭಿಪ್ರಾಯದಲ್ಲಿ, ಅಳೆದು, ಅಳೆದದ್ದನ್ನು ಬರೆದುಕೊಡುವ ಶಾಪ್ ಯಾವುದೆಂದು ಪತ್ತೆ ಮಾಡಿದರೆ ಆಯ್ಕೆಯ ಮುಕ್ಕಾಲು ಭಾಗ ಮುಗಿದಂತೆ. ಯಂತ್ರಗಳ ಹೊಸತನ, ಬೋರ್ಡಿನ ದೊಡ್ಡತನ, ದರದ ಹೆಚ್ಚು ಕಡಿಮೆಗಳೆಲ್ಲ ಅದರ ನಂತರದ ವಿಚಾರಗಳು.

ಅಳತೆ ಎಂದರೆ ಏನನ್ನು ಅಳೆಯುವುದು? ಇಲ್ಲಿ ಲೆಕ್ಕ ನಡೆಯುವುದು ಥೌಗಳಲ್ಲಿ. ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, ಮಿಲಿಮೀಟರಿನಲ್ಲಿ 0.0254; ತಲೆಗೂದಲೊಂದರ ದಪ್ಪವೇ ಎರಡು ಮೂರು ಥೌ ಇರುತ್ತದೆ. ಸಿಲಿಂಡರಿನ ಗೋಡೆ ಎಲ್ಲೆಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ಮೇಲ್ತುದಿಗೆ ಬಂದಾಗ ದಹನದ ಒತ್ತಡವು ಪಿಸ್ಟನ್ನಿನ ಸುತ್ತ ಕೂರುವ ರಿಂಗುಗಳ ಹಿಂದೆ ಸೇರಿ ಅವನ್ನು ಗೋಡೆಗೆ ಬಲವಾಗಿ ಒತ್ತುತ್ತದೆ, ಆಯಿಲ್ ಅಲ್ಲಿಗೆ ತಲುಪುವುದೂ ಕಡಿಮೆ, ಆದ್ದರಿಂದ ಸವೆತ ಅಲ್ಲಿಯೇ ಅತಿ ಹೆಚ್ಚು. ಕೆಳಕ್ಕೆ ಬಂದಂತೆ ಸವೆತ ಕಡಿಮೆಯಾಗುವ ಕಾರಣ ಸಿಲಿಂಡರು ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತದೆ. ಇದನ್ನು ಟೇಪರ್ ಎನ್ನುತ್ತಾರೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಒಂದು ಪಕ್ಕದ ಗೋಡೆಯನ್ನು ಹೆಚ್ಚು ಒತ್ತುತ್ತದೆ, ಹಾಗಾಗಿ ವೃತ್ತವು ಅಂಡಾಕಾರಕ್ಕೆ ತಿರುಗುತ್ತದೆ. ಈ ಎರಡನ್ನೂ ಹಿಡಿಯಬೇಕಾದರೆ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಎಂಬ ಮೂರು ಮಟ್ಟಗಳಲ್ಲಿ, ಪ್ರತಿ ಮಟ್ಟದಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಬೋರ್ ಗೇಜಿನಿಂದ ಅಳೆಯಬೇಕಾಗುತ್ತದೆ. ನಾಲ್ಕು ಸಿಲಿಂಡರಿಗೆ ಒಟ್ಟು 24 ಅಳತೆ. ಬೆರಳಾಡಿಸಿ ಮೇಲಿನ ಏಣು ಹತ್ತುತ್ತದೆಯೇ ಎಂದು ನೋಡಿ "ಇದು ಟ್ವೆಂಟಿಗೆ ಹೋಗುತ್ತದೆ", ಅಂದರೆ 20 ಥೌ ಅಗಲಿಸಬೇಕಾಗುತ್ತದೆ, ಎಂದು ಹೇಳುವ ಅನುಭವಿಗಳೂ ಇದ್ದಾರೆ. ಅವರ ಊಹೆ ಬಹಳ ಸಲ ಸರಿಯಾಗಿಯೇ ಇರುತ್ತದೆ, ಆದರೂ ಇನ್ನೊಂದೇ ಬೋರಿಂಗ್‌ಗೆ ಲೋಹ ಉಳಿದಿರುವ ಬ್ಲಾಕನ್ನು ಊಹೆಯ ಕೈಗೆ ಕೊಡಲಾಗುವುದಿಲ್ಲ.

ಆ ಉಳಿದ ಲೋಹದ ಲೆಕ್ಕ ಹೀಗಿದೆ. ವಿಲ್ಲೀಸ್ ಜೀಪಿನ ನಾಲ್ಕು ಸಿಲಿಂಡರ್ ಎಂಜಿನ್‌ನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 3.125 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 4.375 ಇಂಚು, ಒಟ್ಟು 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್. ಎರಡನೆಯ ಮಹಾಯುದ್ಧದ ಕಾಲದ ಎಂಜಿನ್‌ಗೂ ಆಮೇಲೆ ಸಿಜೆ-3ಬಿ ಮಾದರಿಯ ಜೀಪಿಗೆ ಬಂದ ಹರಿಕೇನ್ ಎಂಜಿನ್‌ಗೂ ಈ ಅಳತೆ ಒಂದೇ. ಓವರ್‌ಸೈಜ್ ಪಿಸ್ಟನ್‌ಗಳು ಕೊರೆದ ಸಿಲಿಂಡರಿಗೆ ಹೊಂದುವಂತೆ ಸಾಮಾನ್ಯವಾಗಿ 10, 20, 30, 40 ಥೌಗಳ ಹೆಜ್ಜೆಯಲ್ಲಿ ಬರುತ್ತವೆ. ನಾಲ್ಕನೆಯ ಹೆಜ್ಜೆಗೆ ಬೋರ್ 3.165 ಇಂಚು ಆಗಿರುತ್ತದೆ, ಅದರಾಚೆಗೆ ಹೋದಂತೆಲ್ಲ ಗೋಡೆ ತೆಳುವಾಗಿ ಎಂಜಿನ್ ಬಿಸಿಯೇರುವ, ಸಿಲಿಂಡರ್ ಸೀಳುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಒಳ್ಳೆಯ ಶಾಪಿನವರು ಸವೆತವನ್ನು ಅಳಿಸಲು ಸಾಕಾಗುವ ಅತಿ ಚಿಕ್ಕ ಸೈಜನ್ನೇ ಸೂಚಿಸುತ್ತಾರೆ. 20ಕ್ಕೆ ಸರಿಹೋಗುವುದನ್ನು ಪಿಸ್ಟನ್ ಸಿಗುವುದು ಸುಲಭವೆಂಬ ಕಾರಣಕ್ಕೆ 40ಕ್ಕೆ ಕೊಂಡೊಯ್ಯುವ ಶಾಪ್, ವಾಹನದ ಮಾಲೀಕರ ಮುಂದಿನ ತಲೆಮಾರಿನ ಪಾಲನ್ನು ಇಂದೇ ಖರ್ಚು ಮಾಡಿದಂತೆ ಆಗುತ್ತದೆ. ಬ್ಲಾಕು ಈಗಾಗಲೇ ಕೊನೆಯ ಸೈಜಿನಲ್ಲಿದ್ದರೆ ಸ್ಲೀವ್ ಹಾಕಿಸುವ ದಾರಿ ಇದೆ. ಸಿಲಿಂಡರನ್ನು ಇನ್ನಷ್ಟು ಅಗಲಿಸಿ, ಎರಡು ಮೂರು ಥೌ ಬಿಗಿಯಲ್ಲಿ ಎರಕದ ಕಬ್ಬಿಣದ ಕೊಳವೆಯನ್ನು ಒತ್ತಿ ಕೂರಿಸಿ, ಅದನ್ನು ಮತ್ತೆ ಮೂಲ 3.125 ಇಂಚಿಗೆ ಕೊರೆಯುತ್ತಾರೆ. ಸ್ಲೀವ್ ಜಾರದಂತೆ ಕೆಳಗೆ ಒಂದು ಮೆಟ್ಟಿಲನ್ನು ಉಳಿಸಿ ಕೊರೆಯುತ್ತೀರಾ, ಸ್ಲೀವ್ ಕೂರಿಸಿದ ಮೇಲೆ ಬ್ಲಾಕಿನ ಮೇಲ್ಮೈಯನ್ನು ಫೇಸ್ ಮಾಡುತ್ತೀರಾ ಎಂಬ ಎರಡು ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವವರಿಗೆ ಈ ಕೆಲಸವನ್ನು ಧೈರ್ಯವಾಗಿ ಕೊಡಬಹುದು.

ಮೆಷಿನ್ ಶಾಪನ್ನು ಅಳೆಯಲು ನನಗೆ ಅತ್ಯಂತ ನಂಬಿಕೆಯಿರುವ ಒಂದೇ ಪ್ರಶ್ನೆಯನ್ನು ಹೇಳಬೇಕೆಂದರೆ, ಬ್ಲಾಕನ್ನು ಯಾವಾಗ ಕೊರೆಯುತ್ತೀರಿ ಎಂದು ಕೇಳುವುದು. "ಪಿಸ್ಟನ್ ತಂದುಕೊಡಿ, ಆಮೇಲೆ" ಎಂಬ ಉತ್ತರ ಬಂದರೆ ಆ ಶಾಪಿನಲ್ಲಿ ಕುಳಿತು ಮುಂದಿನ ಮಾತು ಆಡಬಹುದು. ಕಾರಣ ಸರಳ: ಡಬ್ಬಿಯ ಮೇಲೆ ಒಂದೇ ಸೈಜ್ ಬರೆದಿದ್ದರೂ ಬೇರೆ ಬೇರೆ ತಯಾರಕರ, ಕೆಲವೊಮ್ಮೆ ಒಂದೇ ಪೆಟ್ಟಿಗೆಯ ಪಿಸ್ಟನ್‌ಗಳಲ್ಲೂ ಅರ್ಧ ಅಥವಾ ಒಂದು ಥೌ ವ್ಯತ್ಯಾಸ ಇರಬಹುದು. ಜೀಪಿನ ಅಲ್ಯೂಮಿನಿಯಮ್ ಪಿಸ್ಟನ್‌ಗೂ ಗೋಡೆಗೂ ನಡುವೆ ಇರಬೇಕಾದ ಅಂತರವೇ ಸುಮಾರು ಮೂರು ಥೌ ಎಂದಮೇಲೆ ಒಂದು ಥೌ ಸಣ್ಣ ಮಾತಲ್ಲ. ಪ್ರತಿ ಪಿಸ್ಟನ್‌ನ ಸ್ಕರ್ಟನ್ನು (ರಿಂಗುಗಳ ಕೆಳಗಿನ ಪಕ್ಕದ ಭಾಗ) ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ಅಂತರವನ್ನು ಕೂಡಿಸಿ, ಆ ಸಂಖ್ಯೆಗೆ ಸಿಲಿಂಡರನ್ನು ಕೊರೆದು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಎಂದು ಗುರುತು ಹಾಕುವುದು ಸರಿಯಾದ ಕ್ರಮ. ಪಿಸ್ಟನ್ ಸಿಗುತ್ತದೆ ಎಂಬ ಭರವಸೆಯ ಮೇಲೆ ಮೊದಲೇ ಕೊರೆದು, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆ ಸೈಜಿಗಾಗಿ ಅಂಗಡಿ ಅಂಗಡಿ ಅಲೆಯುವ ಮಾಲೀಕರ ಪಾಡು ಹಳೆಯ ವಾಹನದ ವಲಯದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಹಳೆಯ ಎಂಜಿನ್‌ಗಳ ಪಿಸ್ಟನ್ ಬೇಕಾದಾಗ ಬೇಕಾದ ಸೈಜಿನಲ್ಲಿ ದೊರೆಯುವುದಿಲ್ಲ. ಅಳತೆಯಿಂದ ಸೈಜ್ ತೀರ್ಮಾನವಾಗಿ, ಪಿಸ್ಟನ್, ರಿಂಗ್, ಬೇರಿಂಗ್ ಮೂರೂ ಕೈಗೆ ಬಂದ ಮೇಲೆಯೇ ಬ್ಲಾಕನ್ನು ಕೊರೆಯಲು ಕೊಡಬೇಕು.

ಕೊರೆಯುವ ಯಂತ್ರದ ಬಗೆಗೂ ಸ್ವಲ್ಪ ತಿಳಿದಿರಬೇಕು. ಅನೇಕ ಶಾಪುಗಳಲ್ಲಿ ಇರುವುದು ಬ್ಲಾಕಿನ ಮೇಲ್ಮೈಗೇ ಕ್ಲ್ಯಾಂಪ್ ಮಾಡಿ ಕೂರಿಸುವ ಬೋರಿಂಗ್ ಬಾರ್. ಆ ಮೇಲ್ಮೈ ಕ್ರ್ಯಾಂಕಿನ ಅಕ್ಷಕ್ಕೆ ಸಮಾನಾಂತರವಾಗಿ ಇಲ್ಲದಿದ್ದರೆ ಯಂತ್ರ ಎಷ್ಟೇ ಒಳ್ಳೆಯದಾಗಿದ್ದರೂ ಸಿಲಿಂಡರು ಓರೆಯಾಗಿ ಕೊರೆಯಲ್ಪಡುತ್ತದೆ, ಪಿಸ್ಟನ್ ಒಂದು ಪಕ್ಕಕ್ಕೆ ಒತ್ತಿಕೊಂಡೇ ಓಡುತ್ತದೆ. ಆದ್ದರಿಂದ ಮೇಲ್ಮೈಯನ್ನು ಪರೀಕ್ಷಿಸಿ, ಬೇಕಿದ್ದರೆ ಮೊದಲು ಅದನ್ನು ಸರಿಪಡಿಸಿ, ನಂತರವೇ ಬಾರ್ ಕೂರಿಸಬೇಕು. ಬಾರನ್ನು ಸೆಂಟರ್ ಮಾಡುವುದೂ ಸಿಲಿಂಡರಿನ ಸವೆಯದ ಭಾಗವನ್ನು ಆಧರಿಸಿಯೇ ಆಗಬೇಕು. ಸವೆದ ಭಾಗವನ್ನು ಹಿಡಿದು ಸೆಂಟರ್ ಮಾಡಿದರೆ ಕಾರ್ಖಾನೆ ಕೊಟ್ಟ ಮಧ್ಯಬಿಂದುವೇ ಸವೆತದ ಕಡೆಗೆ ಸರಿದುಬಿಡುತ್ತದೆ. ಇದನ್ನು ಕೇಳಿದಾಗ ನಗುವವರಿದ್ದಾರೆ, ಎದ್ದು ಬಂದು ಯಂತ್ರದ ಮೇಲೆ ತೋರಿಸುವವರೂ ಇದ್ದಾರೆ. ಎರಡನೆಯ ಬಗೆಯವರು ಸಿಕ್ಕರೆ ಬಿಡಬಾರದು.

ಬೋರಿಂಗ್ ಟೂಲು ಗೋಡೆಯ ಮೇಲೆ ಹರಿದ, ಒರಟಾದ ಪದರವನ್ನು ಬಿಟ್ಟುಹೋಗುತ್ತದೆ. ಅದನ್ನು ತೆಗೆಯಲೆಂದು ಅಂತಿಮ ಅಳತೆಗಿಂತ ಎರಡು ಮೂರು ಥೌ ಕಡಿಮೆ ಕೊರೆದು, ಉಳಿದುದನ್ನು ಹೋನಿಂಗ್ ಕಲ್ಲಿನಿಂದ ತೀಡುತ್ತಾರೆ. ಕಲ್ಲು ಮೇಲೆ ಕೆಳಗೆ ಚಲಿಸುತ್ತಾ ತಿರುಗುವುದರಿಂದ ಗೋಡೆಯ ಮೇಲೆ ಒಂದನ್ನೊಂದು ಸುಮಾರು 45 ಡಿಗ್ರಿ ಕೋನದಲ್ಲಿ ಕತ್ತರಿಸುವ ಸೂಕ್ಷ್ಮ ಗೆರೆಗಳ ಜಾಲ ಮೂಡುತ್ತದೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ, ಹೊಸ ರಿಂಗು ಹೊಂದಿಕೊಳ್ಳುವುದು ಆ ಗೆರೆಗಳ ತುದಿ ಸವೆಯುವುದರಿಂದ. ಗೋಡೆ ಕನ್ನಡಿಯಂತೆ ಹೊಳೆದರೆ ಮೆಚ್ಚಿಕೊಳ್ಳುವ ಮಾಲೀಕರು ಇದನ್ನು ನೆನಪಿಡಬೇಕು: ಹೊಳೆಯುವ ಬೋರಿನಲ್ಲಿ ರಿಂಗು ಕೂರುವುದಿಲ್ಲ, ಹೊಗೆಯೂ ನಿಲ್ಲುವುದಿಲ್ಲ. ಸಾದಾ ಎರಕದ ರಿಂಗಿಗೆ ಬೇಕಾದ ಕಲ್ಲಿನ ನಯವೇ ಬೇರೆ, ಮಾಲಿಬ್ಡಿನಮ್ ಮುಖದ ರಿಂಗಿಗೆ ಬೇಕಾದುದೇ ಬೇರೆಯಾದ್ದರಿಂದ ಯಾವ ರಿಂಗು ಹಾಕುತ್ತೀರಿ ಎಂದು ಶಾಪಿನವರೇ ಕೇಳಬೇಕು. ಹೋನಿಂಗ್ ಆದ ಬ್ಲಾಕನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಒರೆಸಿ ಕಳುಹಿಸುವ ಅಭ್ಯಾಸ ವ್ಯಾಪಕವಾಗಿದೆ, ಆದರೆ ಕಲ್ಲಿನ ಪುಡಿ ಅದರಿಂದ ಹೋಗುವುದಿಲ್ಲ, ಗೆರೆಗಳ ಒಳಗೆ ಇನ್ನಷ್ಟು ಇಳಿದು ಕೂರುತ್ತದೆ. ಬಿಸಿನೀರು, ಸೋಪು, ಬ್ರಷ್ಷು ಹಿಡಿದು ಉಜ್ಜಿ ತೊಳೆದು, ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿದರೆ ಮಾತ್ರ ಅದು ಸ್ವಚ್ಛವಾದ ಬೋರ್. ಆಯಿಲ್ ಗ್ಯಾಲರಿಯ ಪ್ಲಗ್ಗುಗಳನ್ನು ಬಿಚ್ಚಿ ಒಳದಾರಿಗಳನ್ನು ತೊಳೆದಿದ್ದಾರೆಯೇ ಎಂದೂ ನೋಡಬೇಕು. ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಬ್ಲಾಕು ಕುದಿಸುವ ಶಾಪಿಗೆ ಅಲ್ಯೂಮಿನಿಯಮ್ಮಿನ ಯಾವ ಭಾಗವನ್ನೂ ಜೊತೆಗೆ ಕಳುಹಿಸಬಾರದು, ಕಾಸ್ಟಿಕ್ ಅದನ್ನು ತಿಂದುಬಿಡುತ್ತದೆ.

ಅಳತೆಯ ವಿಷಯದಲ್ಲಿ ಬೆಟ್ಟದವರಾದ ನಮಗೆ ವಿಶೇಷವಾಗಿ ಅನ್ವಯಿಸುವ ಒಂದು ಅಂಶವಿದೆ. ಕೈಗಾರಿಕೆಯಲ್ಲಿ ಅಳತೆಗಳಿಗೆ ಆಧಾರವಾದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಡಿಸೆಂಬರಿನ ಮುಂಜಾನೆ ಮಡಿಕೇರಿಯ ಷೆಡ್ಡಿಗೂ ಮಂಗಳೂರಿನ ನಡುಹಗಲ ತಗಡಿನ ಮಾಡಿಗೂ ಹದಿನೈದು ಡಿಗ್ರಿಗಿಂತ ಹೆಚ್ಚು ಅಂತರ ಸುಲಭವಾಗಿ ಇರುತ್ತದೆ. ಅಷ್ಟು ವ್ಯತ್ಯಾಸಕ್ಕೆ ಜೀಪಿನ ಬೋರಿನ ಅಗಲದ ಎರಕದ ಕಬ್ಬಿಣವು ಸುಮಾರು ಅರ್ಧ ಥೌ ಹಿಗ್ಗುತ್ತದೆ, ಅಷ್ಟೇ ಅಗಲದ ಅಲ್ಯೂಮಿನಿಯಮ್ ಪಿಸ್ಟನ್ ಹತ್ತಿರ ಹತ್ತಿರ ಒಂದು ಥೌ ಹಿಗ್ಗುತ್ತದೆ. ಅಂದರೆ ಶಾಪಿನಲ್ಲಿ ಅಳೆದ ಅಂತರವೂ ತೋಟದ ಮನೆಯಲ್ಲಿ ಅಳೆದ ಅಂತರವೂ ಇಬ್ಬರದ್ದೂ ತಪ್ಪಿಲ್ಲದೆಯೇ ಬೇರೆಯಾಗಿ ಬರಬಹುದು. ಪಿಸ್ಟನ್‌ಗಳನ್ನು ಬ್ಲಾಕಿನ ಜೊತೆಯಲ್ಲೇ ಒಂದು ರಾತ್ರಿ ಒಂದೇ ಕೋಣೆಯಲ್ಲಿ ಇರಿಸಿ ಮರುದಿನ ಅಳೆಯುವ ಶಾಪು, ಹೋನಿಂಗ್‌ನ ಬಿಸಿ ಆರುವವರೆಗೆ ಕಾದು ಕೊನೆಯ ಅಳತೆ ತೆಗೆಯುವ ಶಾಪು, ನಿಧಾನವೆಂಬ ಕೆಟ್ಟ ಹೆಸರನ್ನು ಗಳಿಸಿದ್ದರೂ ನಂಬಿಕೆಗೆ ಅರ್ಹ.

ಕ್ರ್ಯಾಂಕಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಬೇರಿಂಗಿನೊಳಗೆ ತಿರುಗುವ ಅದರ ದುಂಡು ಭಾಗಗಳಿಗೆ ಜರ್ನಲ್ ಎನ್ನುತ್ತಾರೆ. ಜರ್ನಲ್‌ಗಳನ್ನು 10, 20, 30 ಥೌ ಸಣ್ಣದು ಮಾಡಿ, ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಜರ್ನಲ್‌ನ ಪ್ರತಿ ಇಂಚು ವ್ಯಾಸಕ್ಕೆ ಸುಮಾರು ಒಂದು ಥೌ ಆಯಿಲ್ ಅಂತರ ಎಂಬುದು ಕೆಲಸಗಾರರ ನಡುವೆ ಬಳಕೆಯಲ್ಲಿರುವ ಲೆಕ್ಕ. ಜೀಪಿನ ರಾಡ್ ಜರ್ನಲ್ ಎರಡು ಇಂಚಿಗೆ ತುಸು ಕಡಿಮೆ ಇರುವುದರಿಂದ ಅಲ್ಲಿ ಎರಡು ಥೌ ಆಸುಪಾಸು. ಗ್ರೈಂಡರ್ ಒಂದು ಥೌ ಹೆಚ್ಚು ತೆಗೆದರೆ ಆಯಿಲ್ ಪ್ರೆಷರ್ ಕುಸಿಯುತ್ತದೆ, ಒಂದು ಥೌ ಕಡಿಮೆ ತೆಗೆದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಇದಕ್ಕಿಂತಲೂ ಕಣ್ಣಿಗೆ ಬೀಳದ ತಪ್ಪು ಮೂಲೆಯಲ್ಲಿರುತ್ತದೆ. ಜರ್ನಲ್ ತನ್ನ ಪಕ್ಕದ ಗೋಡೆಯನ್ನು ಸೇರುವ ಜಾಗದಲ್ಲಿ ದುಂಡನೆಯ ಇಳಿಜಾರು ಇರಬೇಕು. ಗ್ರೈಂಡಿಂಗ್ ವೀಲಿನ ಅಂಚನ್ನು ದುಂಡಗೆ ಡ್ರೆಸ್ ಮಾಡದೆ ಚೂಪಾಗಿ ಉಜ್ಜಿದರೆ ಅಲ್ಲಿಂದಲೇ ಬಿರುಕು ಆರಂಭವಾಗಿ ಒಂದು ದಿನ ಘಾಟಿಯ ಏರಿನಲ್ಲಿ ಕ್ರ್ಯಾಂಕ್ ಮುರಿಯುತ್ತದೆ. ಗ್ರೈಂಡ್ ಮಾಡಿದ ಮೇಲೆ ಪಾಲಿಷ್ ಮಾಡುತ್ತಾರೆಯೇ, ಆಯಿಲ್ ರಂಧ್ರದ ಅಂಚನ್ನು ಮಟ್ಟ ಮಾಡುತ್ತಾರೆಯೇ ಎಂಬುದನ್ನು ಆ ದಿನ ಶಾಪಿನಲ್ಲಿ ಸಿದ್ಧವಾಗಿ ಬಿದ್ದಿರುವ ಬೇರೆ ಯಾರದೋ ಕ್ರ್ಯಾಂಕನ್ನು ನೋಡಿಯೇ ತಿಳಿಯಬಹುದು.

ಎಲ್ಲ ಖರ್ಚಿಗೂ ಮೊದಲು ಬ್ಲಾಕು, ಕ್ರ್ಯಾಂಕ್, ಹೆಡ್ಡುಗಳಲ್ಲಿ ಬಿರುಕು ಇಲ್ಲವೆಂದು ಖಚಿತವಾಗಬೇಕು. ಕಾಂತೀಯ ಪುಡಿಯಿಂದ ಮಾಡುವ ಪರೀಕ್ಷೆ, ಬಣ್ಣದ ದ್ರವ ಹಚ್ಚಿ ಮಾಡುವ ಪರೀಕ್ಷೆ, ನೀರಿನ ದಾರಿಗೆ ಗಾಳಿಯೊತ್ತಡ ಕೊಟ್ಟು ನೋಡುವ ಪರೀಕ್ಷೆ ಇವುಗಳಲ್ಲಿ ಯಾವುದನ್ನು ಮಾಡುತ್ತಾರೆ ಎಂದು ಕೇಳಬೇಕು. ಯಾವುದನ್ನೂ ಮಾಡದ ಶಾಪಿನಲ್ಲಿ ಬೋರಿಂಗ್ ಹಣ ಪೋಲಾಗುವ ಸಂಭವ ಇದ್ದೇ ಇರುತ್ತದೆ. ಜೀಪಿನ ಬ್ಲಾಕಿಗೆ ಇದು ಇನ್ನಷ್ಟು ಮುಖ್ಯ. ಹರಿಕೇನ್ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿದ್ದರೂ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೇ ಇದೆ. ಯುದ್ಧಕಾಲದ ಹಳೆಯ ಎಂಜಿನ್‌ನಲ್ಲಿ ಎರಡೂ ವಾಲ್ವುಗಳು ಬ್ಲಾಕಿನಲ್ಲಿವೆ. ಉರಿಯುವ ಅನಿಲ ಹಾದುಹೋಗುವ ಸೀಟಿಗೂ ಸಿಲಿಂಡರಿಗೂ ನಡುವೆ ಇರುವ ಸಣ್ಣ ಸೇತುವೆಯಂಥ ಭಾಗದಲ್ಲಿ ಬಿರುಕು ಹುಡುಕದೆ ಈ ಬ್ಲಾಕಿಗೆ ಕೈ ಹಾಕಬಾರದು. ಹೆಡ್ ಕೆಲಸ ಬಲ್ಲವರು, ಬ್ಲಾಕ್ ಕೆಲಸ ಬಲ್ಲವರು ಎಂಬ ವಿಂಗಡಣೆ ಕಾರುಗಳಿಗೆ ಸರಿ, ಜೀಪಿಗೆ ವಾಲ್ವ್ ಸೀಟನ್ನು ಬ್ಲಾಕಿನ ಆಳದಲ್ಲಿ ಕತ್ತರಿಸಿ ರೂಢಿಯಿರುವವರೇ ಬೇಕು.

ಅಂಬಾಸಡರಿನ ಸಮಸ್ಯೆ ಬೇರೆಯದು. ಅದರ 1,489 ಸಿಸಿ ಎಂಜಿನ್‌ನ ಎರಕದ ಕಬ್ಬಿಣದ ಹೆಡ್ಡಿನಲ್ಲಿ ಸೀಟನ್ನು ಹೆಡ್ಡಿನ ಲೋಹದಲ್ಲೇ ಕತ್ತರಿಸಲಾಗಿತ್ತು, ಮತ್ತು ಆ ಕಾಲದ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವ್ ಹಾಗೂ ಸೀಟಿನ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುತ್ತಿತ್ತು. ದೇಶದಾದ್ಯಂತ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲೇ ಮಾರಾಟವಾಗುತ್ತಿರುವುದರಿಂದ ಅಂದಿನ ಆ ರಕ್ಷಣೆ ಈಗ ಇಲ್ಲ. ಹೆಡ್ ಬಿಚ್ಚಿದ ಹೊತ್ತಿನಲ್ಲೇ ಎಕ್ಸಾಸ್ಟ್ ಕಡೆಗೆ ಗಟ್ಟಿ ಲೋಹದ ಸೀಟ್ ಕೂರಿಸಿಕೊಳ್ಳುವುದು ಜಾಣತನ. ಸವೆದ ವಾಲ್ವ್ ಗೈಡನ್ನು (ವಾಲ್ವಿನ ಕಡ್ಡಿ ಚಲಿಸುವ ಕೊಳವೆ) ಬದಲಿಸಿ, ಅದರ ರಂಧ್ರವನ್ನು ರೀಮರ್ ಹಾಕಿ ಅಳತೆಗೆ ತಂದ ಮೇಲೆಯೇ ಸೀಟ್ ಕತ್ತರಿಸಬೇಕು, ಏಕೆಂದರೆ ಸೀಟ್ ಕಟ್ಟರು ಗೈಡನ್ನೇ ಆಧಾರವಾಗಿ ಹಿಡಿದು ತಿರುಗುತ್ತದೆ.

ಇನ್ನು, ಇಲ್ಲವೆಂದು ಕೊರಗಬೇಕಾಗಿಲ್ಲದ ಸೌಲಭ್ಯಗಳೂ ಕೆಲವು ಇವೆ. ಹೋನಿಂಗ್ ಮಾಡುವಾಗ ಹೆಡ್ಡಿನ ಒತ್ತಡವನ್ನು ಅನುಕರಿಸಲು ಬಿಗಿಯುವ ಟಾರ್ಕ್ ಪ್ಲೇಟು ಆಧುನಿಕ ತೆಳುಗೋಡೆಯ ಎಂಜಿನ್‌ಗಳಿಗೆ ಬಹಳ ಉಪಯುಕ್ತ, ದಪ್ಪ ಗೋಡೆಯ ಹಳೆಯ ಜೀಪಿಗೆ ಅದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟ ದೊಡ್ಡದಲ್ಲ. ಕಂಪ್ಯೂಟರ್ ಬ್ಯಾಲೆನ್ಸಿಂಗ್ ವಿಷಯದಲ್ಲೂ ನನ್ನ ನಿಲುವು ಅದೇ: ಎರಡನೆಯ ಗೇರಿನಲ್ಲಿ ತೋಟ ಸುತ್ತುವ ಎಂಜಿನ್‌ಗೆ ನಾಲ್ಕು ಪಿಸ್ಟನ್‌ಗಳ ತೂಕವೂ ನಾಲ್ಕು ರಾಡುಗಳ ತೂಕವೂ ಪರಸ್ಪರ ಕೆಲವೇ ಗ್ರಾಂಗಳ ಒಳಗೆ ಇದ್ದರೆ ಸಾಕು. ರಾಡುಗಳು ಬಾಗಿಲ್ಲ, ತಿರುಚಿಲ್ಲ ಎಂದು ನೋಡುವುದು ಅದಕ್ಕಿಂತ ಹೆಚ್ಚು ಮುಖ್ಯ.

ಶಾಪನ್ನು ಕಣ್ಣಾರೆ ನೋಡಲು ಒಂದು ದಿನ ಮೀಸಲಿಡಬೇಕು, ಸಾಧ್ಯವಾದರೆ ಎಂಜಿನ್ ಕಟ್ಟುವ ಮೆಕ್ಯಾನಿಕ್‌ರನ್ನೂ ಕರೆದೊಯ್ಯಬೇಕು. ನೆಲದಲ್ಲಿ ಚಿಪ್ಪು, ಗ್ರೀಸು ಇರುವುದು ಸಹಜ, ಅದನ್ನು ನೋಡಿ ಮೂಗು ಮುರಿಯಬಾರದು. ಮೈಕ್ರೋಮೀಟರುಗಳು ಪೆಟ್ಟಿಗೆಯಲ್ಲಿವೆಯೋ ಸುತ್ತಿಗೆಯ ಪಕ್ಕದಲ್ಲಿವೆಯೋ ಎಂಬುದನ್ನು ನೋಡಬೇಕು. ಬೋರ್ ಗೇಜನ್ನು ಸೊನ್ನೆಗೆ ಹೊಂದಿಸಲು ನಿಖರ ಅಳತೆಯ ಸೆಟ್ಟಿಂಗ್ ರಿಂಗ್ ಇದೆಯೇ, ಇಲ್ಲವೇ ಮೈಕ್ರೋಮೀಟರಿನಲ್ಲಿ ಹೊಂದಿಸುತ್ತಾರೆಯೇ ಎಂದು ಕೇಳಬೇಕು. ಮೂಲೆಯಲ್ಲಿ ಕಾದಿರುವ ಬೇರೆಯವರ ಬ್ಲಾಕುಗಳಿಗೆ ಚೀಟಿ ಕಟ್ಟಿದ್ದಾರೆಯೇ, ಕ್ರ್ಯಾಂಕನ್ನು ಹಿಡಿದಿಡುವ ಬೇರಿಂಗ್ ಕ್ಯಾಪುಗಳು ಆಯಾ ಬ್ಲಾಕಿನಲ್ಲೇ ಇವೆಯೇ ಅಥವಾ ಒಂದೇ ಡಬ್ಬಿಯಲ್ಲಿ ಬೆರೆತಿವೆಯೇ ಎಂಬುದು ಶಾಪಿನ ಶಿಸ್ತನ್ನು ಯಾವ ಜಾಹೀರಾತಿಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ ಲಾರಿ, ಟ್ರ್ಯಾಕ್ಟರುಗಳ ಕೆಲಸವೇ ಹೆಚ್ಚಾಗಿದ್ದರೆ ಅದು ದೋಷವಲ್ಲ. ದಪ್ಪ ಎರಕದ ಕಬ್ಬಿಣಕ್ಕೆ ಒಗ್ಗಿದ ಕೈ ಹಳೆಯ ಜೀಪಿಗೆ ಬೇಕಾದ ಕೈಯೇ. ಇತ್ತೀಚೆಗೆ ಕೆಲಸ ಮಾಡಿಸಿದವರ ಹೊಗಳಿಕೆಗಿಂತ, ಮಾಡಿಸಿ ಎರಡು ಮೂರು ಕಾಫಿ ಕೊಯ್ಲು ಕಳೆದವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕು.

ಕೆಲಸ ಒಪ್ಪಿಸುವಾಗ ಏನೇನು ಕೊಟ್ಟಿದ್ದೇವೆ ಎಂಬ ಪಟ್ಟಿ, ಭಾಗಗಳ ಮೇಲೆ ಪಂಚ್ ಮಾಡಿದ ಗುರುತು, ನಾಲ್ಕು ದಿಕ್ಕಿನಿಂದ ತೆಗೆದ ಫೋಟೋ ಇರಬೇಕು. ಶಾಪಿನವರಿಂದ ಪಡೆಯಬೇಕಾದ ಕಾಗದದಲ್ಲಿ ಪ್ರತಿ ಸಿಲಿಂಡರಿನ ಅಂತಿಮ ಅಳತೆ, ಅದಕ್ಕೆ ಗುರುತಿಸಿದ ಪಿಸ್ಟನ್‌ನ ಅಳತೆ, ಪ್ರತಿ ಜರ್ನಲ್‌ನ ಅಳತೆ, ಹೆಡ್ಡಿನಿಂದ ಮತ್ತು ಬ್ಲಾಕಿನ ಮೇಲ್ಮೈಯಿಂದ ಎಷ್ಟು ಥೌ ತೆಗೆದಿದ್ದಾರೆ ಎಂಬ ವಿವರ ಇರಬೇಕು. ಅಳತೆ ಬರೆದುಕೊಡುವುದಕ್ಕೆ ಹೆಚ್ಚುವರಿ ಹಣ ಕೇಳಿದರೆ ಕೊಡುವುದರಲ್ಲಿ ತಪ್ಪಿಲ್ಲ, ಅದು ದುಡಿಮೆಯೇ. ಅಗತ್ಯ ಬಿದ್ದು ಇನ್ನೊಂದು ಕೆಲಸ ಮಾಡಬೇಕಾದರೆ ಫೋನ್ ಮಾಡಿ ಕೇಳಿದ ಮೇಲೆಯೇ ಮಾಡಬೇಕು, ಬದಲಿಸಿದ ಹಳೆಯ ಭಾಗಗಳನ್ನು ಮರಳಿಸಬೇಕು ಎಂಬ ಎರಡು ಮಾತುಗಳನ್ನು ಮೊದಲೇ ಆಡಿಕೊಂಡಿದ್ದರೆ ಮನಸ್ತಾಪಕ್ಕೆ ಅವಕಾಶವಿರುವುದಿಲ್ಲ.

ಬ್ಲಾಕು ಕೈಬದಲಾಗದಂತೆ ನೋಡಿಕೊಳ್ಳಲು ಕಾನೂನಿನ ಕಾರಣವೂ ಇದೆ. ಎಂಜಿನ್ ನಂಬರ್ ಬ್ಲಾಕಿನ ಮೇಲೆ ಇರುತ್ತದೆ, ಅದೇ ನಂಬರ್ ಆರ್‌ಸಿಯಲ್ಲಿ ನಮೂದಾಗಿರುತ್ತದೆ. "ಇದು ಆಗುವುದಿಲ್ಲ, ಬೇರೆ ಬ್ಲಾಕು ಕೊಡುತ್ತೇನೆ" ಎಂಬ ಸಲಹೆಯನ್ನು ಒಪ್ಪಿದರೆ ಆರ್‌ಟಿಒ ಕಚೇರಿಯ ಅನುಮತಿ ಮತ್ತು ನಮೂದು ಇಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನವನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡ ಜೀಪುಗಳು ಈ ಅವಕಾಶವನ್ನು ಕಳೆದುಕೊಂಡಂತೆಯೇ. ಸ್ಲೀವ್ ಹಾಕಿಸಿದ ಮೂಲ ಬ್ಲಾಕು ದುಬಾರಿಯೆನಿಸಿದರೂ ಈ ದೃಷ್ಟಿಯಿಂದ ಅದೇ ಲಾಭ.

ಕಾಲದ ಲೆಕ್ಕವನ್ನೂ ಹಾಕಬೇಕು. ಅರೇಬಿಕಾ ಕೊಯ್ಲು ಆರಂಭವಾಗುವ ಹೊತ್ತಿಗೆ ಜೀಪು ಬೇಕೆಂದರೆ ಎಂಜಿನ್ ಮಳೆಗಾಲದಲ್ಲೇ ಇಳಿಯಬೇಕಾಗುತ್ತದೆ, ಆದರೆ ಮಳೆಗಾಲವೇ ಯಂತ್ರದಿಂದ ಈಗಷ್ಟೇ ಹೊರಬಂದ ಕಬ್ಬಿಣಕ್ಕೆ ಶತ್ರು. ಹೋನಿಂಗ್ ಮಾಡಿದ ಬರಿಯ ಗೋಡೆ ಜುಲೈಯ ತೇವದಲ್ಲಿ ಒಂದು ರಾತ್ರಿಯೊಳಗೆ ಕೆಂಪಾಗಬಲ್ಲದು. ಸಿಲಿಂಡರ್, ಜರ್ನಲ್, ಫೇಸ್ ಮಾಡಿದ ಮೇಲ್ಮೈಗಳಿಗೆ ಧಾರಾಳವಾಗಿ ಆಯಿಲ್ ಹಚ್ಚಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಕೊಡುವ ಶಾಪೇ ನಮಗೆ ತಕ್ಕದ್ದು. ಬಿಸಿಲೂರಿನ ಗಿರಾಕಿಗಳಿಗೆ ಹಳೆಯ ಗೋಣಿಚೀಲ ಹೊದಿಸಿ ಕಳುಹಿಸಿ ರೂಢಿಯಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಮಡಿಕೇರಿ ಮತ್ತು ಸಂಪಾಜೆ ನಡುವಿನ ಹೆದ್ದಾರಿ ಮುಚ್ಚಿಹೋದದ್ದನ್ನು ಕಂಡವರು, ಮಳೆಯ ನಡುವೆ ಮಂಗಳೂರಿನ ಶಾಪನ್ನು ನೆಚ್ಚಿಕೊಳ್ಳುವ ಮೊದಲು ಎರಡು ಸಲ ಯೋಚಿಸುತ್ತಾರೆ. ಮೈಸೂರಿನ ಕಡೆಗಾದರೆ ದಸರೆ, ಆಯುಧಪೂಜೆಗಳ ಆಸುಪಾಸಿನಲ್ಲಿ ಶಾಪಿನವರು ಕೊಡುವ ಯಾವ ದಿನಾಂಕವನ್ನೂ ಗಂಭೀರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಯಂತ್ರಗಳಿಗೂ ಅಂದು ಕುಂಕುಮ ಹಚ್ಚಿಸಿಕೊಂಡು ಕೂರುವ ಹಕ್ಕಿದೆ.

ಕೆಲಸ ಮುಗಿದ ದಿನ ಬ್ಲಾಕನ್ನು ಪಿಕಪ್‌ಗೆ ಏರಿಸುವ ಮೊದಲು ಅಲ್ಲಿಯೇ, ಶಾಪಿನವರ ಗೇಜಿನಿಂದಲೇ, ಅವರ ಕೈಯಿಂದಲೇ ಎರಡು ಸಿಲಿಂಡರುಗಳನ್ನು ಮತ್ತೆ ಅಳೆಯಿಸಿ ಕಾಗದದ ಅಂಕಿಯೊಂದಿಗೆ ಹೋಲಿಸಬೇಕು. ಪಿಸ್ಟನ್‌ನ ಜೊತೆಗೆ ಮೂರು ಥೌ ದಪ್ಪದ ಫೀಲರ್ ಪಟ್ಟಿಯನ್ನು (ಅಂತರ ಅಳೆಯುವ ತೆಳು ಲೋಹದ ಪಟ್ಟಿ) ಸಿಲಿಂಡರಿಗೆ ಇಳಿಸಿ, ಪಟ್ಟಿಯನ್ನು ಎಳೆದಾಗ ಹಿತವಾದ ಬಿಗಿ ತಿಳಿಯುತ್ತದೆಯೇ ಎಂದು ನೋಡುವ ಹಳೆಯ ವಿಧಾನ ಇಂದಿಗೂ ಉಪಯುಕ್ತ. ಕ್ರ್ಯಾಂಕನ್ನು ಹೊಸ ಬೇರಿಂಗಿನಲ್ಲಿ ಕೂರಿಸಿ, ಕ್ಯಾಪುಗಳನ್ನು ಸರಿಯಾದ ಟಾರ್ಕಿಗೆ ಬಿಗಿದು, ಕೈಯಿಂದ ತಿರುಗಿಸಿದರೆ ಎಲ್ಲೂ ಹಿಡಿಯದೆ ಸುತ್ತಬೇಕು. ಅಂಕಿ ಹೊಂದದಿದ್ದರೆ ಅಥವಾ ಕ್ರ್ಯಾಂಕ್ ಒಂದೆಡೆ ಬಿಗಿಯಾದರೆ ಪಿಕಪ್ಪನ್ನು ಖಾಲಿಯಾಗಿಯೇ ಘಾಟಿ ಹತ್ತಿಸುವುದು ಉತ್ತಮ, ಬಾಕಿ ಹಣವನ್ನೂ ಬ್ಲಾಕು ಸರಿಯಾಗಿ ಕೈಗೆ ಬಂದ ದಿನವೇ ಕೊಡಬಹುದು.